ಅಕ್ಕನ ಸಂಜೆಯ ಐಸ್‌ಕ್ರೀಮು

ನಮ್ಮ ಮನೆಯಲ್ಲಿ ಐಸ್‌ಕ್ರೀಮ್ ಮಾಡುವ ಮಿಷನ್ ಇದೆ ಎಂದರೆ ಕೇಳಿದವರು ಮೊದಲು ನಗುತ್ತಾರೆ. ಬೀಚನಹಳ್ಳಿಯಂಥ ಊರಿನಲ್ಲಿ, ಅದೂ ನಾಲೆಯ ತೂಬು ಎತ್ತಿ ಇಳಿಸುವ ನೀರಗಂಟಿಯ ಮನೆಯಲ್ಲಿ ಇದೆಂಥ ದೊಡ್ಡಸ್ತಿಕೆ ಎಂದು ಅನ್ನಿಸುವುದು ಸಹಜ. ಹಾಗೆ ನಕ್ಕವರ ಮೇಲೆ ನಾನು ರೇಗಿ ಬಿದ್ದದ್ದೂ ಉಂಟು. ಈಗ ರೇಗುವಷ್ಟು ಕಸುವಿಲ್ಲ, ನಾನೂ ಜೊತೆಗೆ ನಕ್ಕು ಮಾತು ಬದಲಾಯಿಸುತ್ತೇನೆ.

ಅದು ಬಂದದ್ದು ನನ್ನ ಅಕ್ಕನಿಗಾಗಿ. ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ನನಗೆ ಆರು ವರ್ಷ. ಅಲ್ಲಿಂದ ಮುಂದೆ ನನ್ನ ತಲೆಗೆ ಎಣ್ಣೆ ಹಚ್ಚಿದವಳು, ಸ್ಕೂಲಿಗೆ ಹೋಗದೆ ಅಡಗಿ ಕೂತಾಗ ಹುಣಸೆ ಬರಲು ಹಿಡಿದು ಅಟ್ಟಿಸಿಕೊಂಡು ಬಂದವಳು ಎಲ್ಲ ಅವಳೇ. ಕೆ.ಆರ್. ನಗರದ ಕಡೆ ಹೊಸ ಅಗ್ರಹಾರಕ್ಕೆ ಅವಳನ್ನು ಮದುವೆ ಮಾಡಿ ಕೊಟ್ಟಿದ್ದೆವು. ಮಕ್ಕಳಾಗಲಿಲ್ಲ. ಭಾವ ಹೋದ ಮೇಲೆ ನಾನೇ ಹೋಗಿ ಕರೆದುಕೊಂಡು ಬಂದೆ. ಬಂದ ಮಾರನೆಯ ದಿನವೇ ಕೊಟ್ಟಿಗೆ ಗುಡಿಸಿ, ಎಮ್ಮೆಯ ಹೊಣೆ ತನ್ನದು ಎಂದಳು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಮ್ಮೊಂದಿಗೇ ಇದ್ದಳು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವುದು, ಮಿಕ್ಕಿದ್ದನ್ನು ಹೆಪ್ಪು ಹಾಕಿ ಕಡೆಯುವುದು, ಮಧ್ಯಾಹ್ನ ಜಗುಲಿಯಲ್ಲಿ ಎದುರುಮನೆಯ ದೊಡ್ಡವ್ವನ ಜೊತೆ ಎಲೆ ಅಡಿಕೆ ಹೊಗೆಸೊಪ್ಪು ಹಾಕಿಕೊಂಡು ಊರ ಸುದ್ದಿ ಅಗಿಯುವುದು. ಆ ಹೊಗೆಸೊಪ್ಪು ಬಿಡು ಎಂದು ನಾನು ಹೇಳಿದ್ದಕ್ಕೆ ಲೆಕ್ಕವಿಲ್ಲ. 'ಪಿರಿಯಾಪಟ್ಣ, ಹುಣಸೂರೆಲ್ಲ ಬೆಳೀತಾ ಕೂತವ್ರೆ, ನಾನೊಬ್ಳು ಬುಟ್ರೆ ಅವ್ರ ಗತಿ ಏನ್ಲಾ' ಎಂದು ತಮಾಷೆ ಮಾಡುತ್ತಿದ್ದಳು.

ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡ ಹಾಗಿದೆ ಎಂದು ಅವಳು ಹೇಳುವ ಹೊತ್ತಿಗೆ ಕಾಯಿಲೆ ಸಾಕಷ್ಟು ಬೆಳೆದಿತ್ತು. ಮೈಸೂರಿನ ದೊಡ್ಡಾಸ್ಪತ್ರೆಯೊಂದರಲ್ಲಿ ತೋರಿಸಿದೆವು. ರೇಡಿಯೇಶನ್ ಚಿಕಿತ್ಸೆಗೆ ನಮ್ಮ ಕಡೆ 'ಕರೆಂಟು ಕೊಡುವುದು' ಎನ್ನುತ್ತಾರೆ; ಆರು ವಾರ ಕರೆಂಟು ಕೊಟ್ಟರು. ಮುಗಿಸಿಕೊಂಡು ಕೋಟೆ ಪಟ್ಟಣದ ಮೇಲೆ ಹಾದು ಬರುವ ಬಸ್ಸಿನಲ್ಲಿ ಮನೆಗೆ ಬಂದಾಗ ಅಕ್ಕನ ಕತ್ತು ಸುಟ್ಟ ಬದನೆಕಾಯಿಯ ಸಿಪ್ಪೆಯಾಗಿತ್ತು. ಬಾಯಿ ತುಂಬ ಹುಣ್ಣು. ದನಿ ಒಡೆದು ಪಿಸುಮಾತಷ್ಟೇ ಉಳಿದಿತ್ತು. ಉಗುಳು ನುಂಗುವುದಕ್ಕೂ ಕಣ್ಣು ಮುಚ್ಚಿ ತಯಾರಾಗಬೇಕಿತ್ತು.

ಇಲ್ಲಿ ನನ್ನ ತಪ್ಪು ಶುರುವಾಗುತ್ತದೆ. ಕಾಯಿಲೆ ಬಿದ್ದವರಿಗೆ ತಣ್ಣಗಿನದು ಕೊಡಬಾರದು ಎನ್ನುವುದು ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಬಂದದ್ದು. ಶೀತ ಆಗುತ್ತದೆ, ಕಫ ಕಟ್ಟುತ್ತದೆ, ಮೈ ಸೆಟೆದುಕೊಳ್ಳುತ್ತದೆ. ನಾನು ಕಾವಲುಗಾರನ ಹಾಗೆ ನಿಂತೆ. ಮೊಸರು, ಮಜ್ಜಿಗೆ, ತಂಗಳು ಯಾವುದೂ ಅಕ್ಕನ ಹತ್ತಿರ ಸುಳಿಯಕೂಡದು ಎಂದು ಹೆಂಡತಿಗೆ ತಾಕೀತು ಮಾಡಿದೆ. ಹಬೆಯಾಡುವ ಗಂಜಿ, ಬೇಳೆ ಕಟ್ಟು, ಮೆಣಸು ಜಜ್ಜಿದ ಸಾರು. 'ಬಿಸಿ ಬಿಸಿ ಕುಡಿಯಕ್ಕ, ಗಂಟ್ಲು ಬಿಚ್ಕತದೆ' ಎಂದು ಪಕ್ಕದಲ್ಲಿ ಕೂತು ಕುಡಿಸುತ್ತಿದ್ದೆ. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಅದನ್ನು ನಾನು ಮೆಣಸಿನ ಗುಣ ಎಂದುಕೊಂಡೆ. ಸ್ವಲ್ಪ ಆರಿಸಿ ಕೊಡೋಣ ಎಂದ ಹೆಂಡತಿಗೆ 'ನೀನೇನು ಡಾಕ್ಟ್ರಾ?' ಎಂದು ಗದರಿದೆ. ಹೀಗೆ ಮೂರು ವಾರ. ಮಣಿಕಟ್ಟಿನಲ್ಲಿದ್ದ ಅಕ್ಕನ ಬಳೆ ಮೊಣಕೈವರೆಗೆ ಜಾರತೊಡಗಿತು.

ಮತ್ತೆ ತೋರಿಸಲು ಹೋದಾಗ ತೂಕ ನೋಡಿದ ಹುಡುಗಿ ಬೆಚ್ಚಿದಳು. ಊಟತಿಂಡಿಯ ವಿಷಯ ಹೇಳುವ ಹೆಣ್ಣುಮಗಳೊಬ್ಬರು ನಮ್ಮನ್ನು ಕೂರಿಸಿಕೊಂಡು, 'ಹುಣ್ಣಿನ ಮೇಲೆ ಬಿಸಿ ಹಾಕ್ತಿದ್ದೀರಲ್ರೀ, ನಿಮಗೆ ಹಾಕಿದ್ರೆ ಸುಮ್ಮನಿರ್ತೀರಾ?' ಎಂದು ನನ್ನನ್ನೇ ನೋಡಿ ಬೈದರು. ಆಮೇಲೆ ತಣ್ಣಗೆ, ಮೆತ್ತಗೆ, ನುಣ್ಣಗೆ ಏನೇನು ಕೊಡಬಹುದು ಎಂದು ಒಂದು ಪಟ್ಟಿಯನ್ನೇ ಹೇಳಿದರು. ಕೊನೆಯಲ್ಲಿ 'ಐಸ್‌ಕ್ರೀಮ್ ಕೊಟ್ರೂ ಪರವಾಗಿಲ್ಲ' ಎಂದರು. ನನ್ನ ತಲೆಗೆ ಹೊಕ್ಕದ್ದು ಆ ಕೊನೆಯದೊಂದೇ. ಉಳಿದದ್ದನ್ನು ನಾನು ಕೇಳಿಸಿಕೊಳ್ಳಲೇ ಇಲ್ಲ. ಮೂರು ವಾರ ಅಕ್ಕನನ್ನು ಸುಟ್ಟಿದ್ದೇನೆ ಎನ್ನುವುದು ಆಗಷ್ಟೇ ತಿಳಿದಿತ್ತು. ಅದಕ್ಕೆ ಸಮನಾಗಿ ದೊಡ್ಡದೇನಾದರೂ ಮಾಡದಿದ್ದರೆ ನನಗೆ ಉಸಿರಾಡುವುದಕ್ಕೆ ಆಗುತ್ತಿರಲಿಲ್ಲ.

ಸರಗೂರಿನ ಬೇಕರಿಯಿಂದ ಕಪ್ ಐಸ್‌ಕ್ರೀಮ್ ತಂದೆ. ಬೈಕಿನಲ್ಲಿ ಮನೆ ಸೇರುವಷ್ಟರಲ್ಲಿ ಹಾಲಾಗಿತ್ತು. ಫ್ರಿಜ್ಜಿನಲ್ಲಿಟ್ಟು ಮತ್ತೆ ಗಟ್ಟಿ ಮಾಡಿದರೆ ಒಳಗೆಲ್ಲ ಮಂಜಿನ ಹರಳು. ಒಂದು ಚಮಚ ಬಾಯಿಗಿಟ್ಟ ಅಕ್ಕ ಕೆನ್ನೆ ಹಿಡಿದುಕೊಂಡು ಮುಖ ತಿರುಗಿಸಿದಳು.

ನನ್ನ ಜೊತೆ ಓದಿದ ಗೆಳೆಯನೊಬ್ಬ ಹಿನ್ನೀರಿನ ಕಡೆಯ ರೆಸಾರ್ಟೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾನೆ. ಅವನ ಹತ್ತಿರ ಗೋಳು ಹೇಳಿಕೊಂಡೆ. 'ಕಲ್ಲಂಗೆ ಗಟ್ಟಿ ಇರೋದು ಬ್ಯಾಡ ಕಣ್ಲಾ. ಸಾಫ್ಟಿ ಅಂತ ಬತ್ತದೆ, ಹಿಡಿ ಎಳುದ್ರೆ ಬೆಣ್ಣೆಯಂಗೆ ಸುರುಳಿ ಸುತ್ಕಂಡು ಬೀಳ್ತದಲ್ಲ, ಅದು ನುಣ್ಣಗಿರ್ತದೆ. ನಮ್ಮಲ್ಲಿ ಹೊಸದು ತಂದವ್ರೆ, ಮೇಜಿನ ಮ್ಯಾಲಿಡೋ ಹಳೇದು ಮೂಲೇಲಿ ಬಿದ್ದದೆ, ಕೇಳ್ಕೊಡ್ತೀನಿ' ಎಂದ. ಎರಡೇ ದಿನದಲ್ಲಿ ಗೂಡ್ಸ್ ಆಟೋದಲ್ಲಿ ಅದು ಬಂದಿಳಿಯಿತು. ನಿಲ್ಲಿಸಿದ ಟ್ರಂಕಿನಷ್ಟು ಎತ್ತರದ ಸ್ಟೀಲಿನ ಪೆಟ್ಟಿಗೆ. ಮೇಲೆ ಹಾಲು ಸುರಿಯುವ ಬಾಯಿ, ಮುಂದೆ ಒಂದು ಹಿಡಿ, ಹಿಡಿಯ ಕೆಳಗೆ ಚಕ್ಕುಲಿ ಒರಳಿನಂಥ ನಕ್ಷತ್ರದ ತೂತು. ಇಬ್ಬರು ಹಿಡಿದು ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿದೆವು. ಅಕ್ಕ ಮಂಚದಿಂದ ಎದ್ದು ಬಂದು, ಗೋಡೆ ಹಿಡಿದು ನಿಂತು ಅದನ್ನೇ ನೋಡಿದಳು.

ಗೆಳೆಯ ಒಂದು ಪೊಟ್ಟಣ ಪುಡಿಯನ್ನೂ ಕೊಟ್ಟಿದ್ದ. ಇದನ್ನು ಹಾಲಿಗೆ ಕಲಸಿ ಸುರಿ, ಅಷ್ಟೇ, ಎಂದಿದ್ದ. ನಾನು ಕೇಳುತ್ತೇನೆಯೇ? ಕಾಯಿಲೆಯವಳಿಗೆ ಪುಡಿಯ ಐಸ್‌ಕ್ರೀಮೇ? ಮನೆಯಲ್ಲಿ ಎಮ್ಮೆ ಇದೆ. ನೀರು ಕಾಣದ ಗಟ್ಟಿ ಹಾಲು ಎರಡು ಲೀಟರ್ ಹಿಡಿದಿಟ್ಟೆ. ಅದು ಸಾಲದೆಂದು, ವಾರದಿಂದ ಹೆಂಡತಿ ತುಪ್ಪಕ್ಕೆಂದು ತೆಗೆದಿಟ್ಟಿದ್ದ ಕೆನೆಯನ್ನೆಲ್ಲ ಅದಕ್ಕೇ ಸುರಿದೆ. ಎಷ್ಟು ಕೆನೆಯೋ ಅಷ್ಟು ಪುಷ್ಟಿ ಎನ್ನುವುದು ನನ್ನ ಲೆಕ್ಕ. ಸಕ್ಕರೆ, ಏಲಕ್ಕಿ ಹಾಕಿ ಮಿಷನ್ನಿಗೆ ಹೊಯ್ದು ಸ್ವಿಚ್ ಒತ್ತಿದೆ. ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತ ಓಡಿತು. ಅರ್ಧ ಗಂಟೆ ಆಯಿತು. ಇನ್ನೂ ಗಟ್ಟಿಯಾಗಲಿ ಎಂದು ಇನ್ನೊಂದು ಅರ್ಧ ಗಂಟೆ ಬಿಟ್ಟೆ. ಸದ್ದು ಭಾರವಾಗುತ್ತ ಹೋಗಿ ಒಮ್ಮೆಲೆ ಗೊಗ್ಗರಾಯಿತು. ಬಟ್ಟಲು ಹಿಡಿದು ಹಿಡಿ ಎಳೆದೆ. ತಿಳಿ ನೀಲಿ ಛಾಯೆಯ ಬಿಳಿ ನೀರು ಪಿಚಕ್ಕನೆ ಚಿಮ್ಮಿ ನನ್ನ ಅಂಗಿ ತೊಯ್ಯಿಸಿತು. ಹಿಂದೆಯೇ ಉಂಡೆ ಉಂಡೆಯಾಗಿ ಏನೋ ಪಟಪಟ ಬಿತ್ತು.

ಅಕ್ಕ ಮುಂದೆ ಬಂದಳು. ಒಂದು ಉಂಡೆಯನ್ನು ಬೆರಳಲ್ಲಿ ಒತ್ತಿ ನೋಡಿದಳು. ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆ ಎಂದು ನಾನು ಗಾಬರಿಯಾದೆ. ನಗುತ್ತಿದ್ದಳು. ದನಿಯಿಲ್ಲದೆ, ಬಾಯಿಗೆ ಸೆರಗು ಒತ್ತಿಕೊಂಡು, ನೋವಿಗೆ ಮುಖ ಕಿವುಚುತ್ತ, ಆದರೂ ನಗು ತಡೆಯಲಾಗದೆ. 'ಬೆಣ್ಣೆ ಕಣ್ಲಾ' ಎಂದು ಪಿಸುಗುಟ್ಟಿದಳು. 'ಬೆಣ್ಣೆ ಕಡಿಯಾಕೆ ಕರೆಂಟು ಮಿಷನ್ ತಂದವ್ನೆ ನನ್ ತಮ್ಮ.' ಜನ್ಮವೆಲ್ಲ ಮಜ್ಜಿಗೆ ಕಡೆದವಳಿಗೆ ಆ ಸದ್ದು ಭಾರವಾದಾಗಲೇ ಗೊತ್ತಾಗಿತ್ತಂತೆ, ನನ್ನ ಹುರುಪು ನೋಡಿ ಸುಮ್ಮನಿದ್ದಳಂತೆ. ನನಗೂ, ಒಲೆಯ ಮುಂದಿದ್ದ ಹೆಂಡತಿಗೂ ನಗು ಬಂತು. ಎಷ್ಟೋ ತಿಂಗಳ ಮೇಲೆ ಮೂವರೂ ಒಟ್ಟಿಗೆ ನಕ್ಕದ್ದು ಆವತ್ತೇ, ಕೊನೆಯ ಸಲವೂ ಆವತ್ತೇ.

ಆಮೇಲೆ ಅಕ್ಕನೇ ದಾರಿ ಹೇಳಿಕೊಟ್ಟಳು. ಹಾಲು ಕಾಯಿಸಿ ಆರಿಸಿ ಕೆನೆ ತೆಗೆ. ಒಂದು ಚಮಚ ಜೋಳದ ಹಿಟ್ಟನ್ನು, ಅಂದರೆ ಅಂಗಡಿಯಲ್ಲಿ ಸಿಗುವ ಬಿಳೀ ಕಾರ್ನ್‌ಫ್ಲೋರನ್ನು, ತಣ್ಣನೆ ಹಾಲಲ್ಲಿ ಕದಡಿ ಸೇರಿಸಿ ಕುದಿಸು. ಬಟ್ಟೆಯಲ್ಲಿ ಸೋಸು. ಫ್ರಿಜ್ಜಿನಲ್ಲಿ ಚೆನ್ನಾಗಿ ತಣ್ಣಗಾದ ಮೇಲೆ ಮಿಷನ್ನಿಗೆ ಹಾಕು, ಹೆಚ್ಚು ಹೊತ್ತು ಬಿಡಬೇಡ. ಮೂರನೆಯ ಸಲಕ್ಕೆ ಸರಿಯಾಗಿ ಬಂತು. ಹಿಡಿ ಎಳೆದಾಗ ಬೆಳ್ಳಗೆ, ದಪ್ಪಗೆ, ಮಡಿಕೆ ಮಡಿಕೆಯಾಗಿ ಬಟ್ಟಲಿಗೆ ಇಳಿಯಿತು. ಅಕ್ಕ ಅರ್ಧ ಚಮಚ ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ನಾನು ಅವಳ ಗಂಟಲನ್ನೇ ನೋಡುತ್ತಿದ್ದೆ. ಅದು ಮೆಲ್ಲಗೆ ಮೇಲೆ ಹೋಗಿ ಕೆಳಗೆ ಇಳಿಯಿತು. ನುಂಗಿದಳು. ಕಣ್ಣೀರು ಬರಲಿಲ್ಲ.

ಅಲ್ಲಿಂದ ಎರಡು ತಿಂಗಳು ಅದೇ ನನ್ನ ಬದುಕಾಯಿತು. ನಾಲೆ ಕೆಲಸ ಮುಗಿಸಿ ಐದೂವರೆಗೆ ಮನೆಗೆ ಬಂದವನು ಕೈಕಾಲು ತೊಳೆದು ನೇರ ಮಿಷನ್ ಮುಂದೆ ನಿಲ್ಲುತ್ತಿದ್ದೆ. ಪಂಪ್‌ಸೆಟ್ಟುಗಳಿಗೆ ಕರೆಂಟು ಬಿಟ್ಟ ಹೊತ್ತಾದರೆ ವೋಲ್ಟೇಜ್ ಬಿದ್ದು ಮಿಷನ್ ಕುಯ್ಯೋ ಎನ್ನುತ್ತಿತ್ತು. ಅದಕ್ಕೊಂದು ಸ್ಟೆಬಿಲೈಸರ್ ತಂದೆ. ಒಂದು ದಿನ ರಸಬಾಳೆ, ಒಂದು ದಿನ ಸಪೋಟ, ಒಂದು ದಿನ ಬರೀ ಬೆಲ್ಲ. ನಾನು ಮಾಡುತ್ತಿದ್ದೆ ಎಂದು ಬರೆಯುತ್ತಿದ್ದೇನೆ, ಆದರೆ ದಿನಾ ಅದರ ಹೊಟ್ಟೆ ಬಿಚ್ಚಿ, ಕಡೆಯುವ ಸುರುಳಿ ಮತ್ತು ರಬ್ಬರಿನ ಬಳೆಗಳನ್ನೆಲ್ಲ ಬಿಸಿನೀರಲ್ಲಿ ತೊಳೆದು ಒಣಗಿಸುತ್ತಿದ್ದವಳು ಹೆಂಡತಿ. ಹೆಸರು ಮಾತ್ರ ನನ್ನದು. ನೆಂಟರಿಗೆಲ್ಲ ಫೋನು ಮಾಡಿ 'ಇವತ್ತು ಹನ್ನೆರಡು ಚಮಚ ತಿಂದ್ಲು' ಎಂದು ಹೇಳುತ್ತಿದ್ದೆ. ಬೇಗೂರಿನ ಕಡೆಯಿಂದ ಬಂದ ಚಿಕ್ಕಪ್ಪನ ಮಗ, 'ಒಡಹುಟ್ಟಿದೋರು ಅಂದ್ರೆ ನಿನ್ನಂಗಿರ್ಬೇಕು ಕಣೋ' ಎಂದ. ಆ ಮಾತನ್ನು ನಾನು ಬೇಕೆಂದೇ ಅಕ್ಕನಿಗೆ ಕೇಳಿಸುವ ಹಾಗೆ ಇನ್ನೊಂದು ಸಲ ಹೇಳಿಸಿದೆ.

ಐಸ್‌ಕ್ರೀಮಿನ ವಿಷಯದಲ್ಲಿ ಮೆದುವಾದ ನಾನು ಉಳಿದ ಕಟ್ಟಳೆ ಸಡಿಲಿಸಿರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಐಸ್‌ಕ್ರೀಮು ಆಸ್ಪತ್ರೆಯವರು ಹೇಳಿದ ಔಷಧಿ, ಮಿಕ್ಕ ತಣ್ಣಗಿನದೆಲ್ಲ ಶೀತ. ಹೀಗೆ ನನ್ನ ತಲೆಯಲ್ಲಿ ಎರಡೂ ಜಗಳವಾಡದೆ ಒಟ್ಟಿಗೆ ಇದ್ದವು.

ಒಂದು ಸಂಜೆಯನ್ನು ಮಾತ್ರ ಬರೆಯದೆ ಬಿಡಬಹುದಿತ್ತು. ಆದರೆ ಅದನ್ನು ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ಆವತ್ತು ತೂಬಿನ ಹತ್ತಿರ ನೀರಿಗಾಗಿ ಇಬ್ಬರು ಹೊಡೆದಾಡಿ, ಬಿಡಿಸಲು ಹೋದ ನಾನು ಸಿಕ್ಕಾಪಟ್ಟೆ ಬೈಸಿಕೊಂಡದ್ದಾಗಿತ್ತು. ಮನೆಗೆ ಬಂದು ಸಪೋಟದ್ದು ಮಾಡಿದೆ. ಅಕ್ಕ ಎರಡು ಚಮಚ ತಿಂದು ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಸಾಕು ಎಂದು ಕೈ ಆಡಿಸಿದಳು. ನನಗೆ ಎಲ್ಲಿತ್ತೋ ಸಿಟ್ಟು. 'ಇಷ್ಟೆಲ್ಲ ಒದ್ದಾಡ್ತಿರೋದು ಯಾರ್ಗೋಸ್ಕರ? ನಂಗೇನು ಬ್ಯಾರೆ ಕೆಲ್ಸ ಇಲ್ವಾ? ತಿಂದ್ರೆ ತಿನ್ನು, ಇಲ್ದಿದ್ರೆ ಸಾಯಿ' ಎಂದುಬಿಟ್ಟೆ. ಹೌದು, ಹಾಗೇ ಅಂದೆ. ಹೆಂಡತಿ ಬಾಗಿಲಲ್ಲಿ ನಿಂತವಳು ತಲೆ ತಗ್ಗಿಸಿದಳು. ಅಕ್ಕ ಬಟ್ಟಲು ಎಳೆದುಕೊಂಡು, ಒಂದೊಂದೇ ಚಮಚ, ತಳ ಕಾಣುವವರೆಗೆ ತಿಂದಳು. ತಿಂದು ಮುಗಿಸಿ ನನ್ನ ಮೊಣಕಾಲು ತಟ್ಟಿದಳು. ಗೆದ್ದೆ ಎಂದುಕೊಂಡು ನಾನು ಹೊರಗೆ ಹೋದೆ.

ಆಮೇಲೆ ಹೆಚ್ಚು ದಿನ ಇರಲಿಲ್ಲ. ಒಂದು ಬೆಳಿಗ್ಗೆ ಹೆಂಡತಿ ಮುಖ ತೊಳೆಸಲು ಹೋದಾಗ ಕೈ ತಣ್ಣಗಿತ್ತು. ನಾನು ಅತ್ತದ್ದಕ್ಕಿಂತ ಹೆಚ್ಚು ಎಮ್ಮೆ ಕೂಗಿತು. ಕಾರ್ಯಕ್ಕೆ ಬಂದವರೆಲ್ಲ ನನ್ನ ಕೈ ಹಿಡಿದು, ನೀನು ಮಾಡುವಷ್ಟು ಮಾಡಿದೆ ಎಂದರು. ಎದೆಯ ಮೇಲಿನ ಕಲ್ಲು ಪೂರ್ತಿ ಇಳಿಯದಿದ್ದರೂ ಆ ಮಾತು ಹಿಡಿದುಕೊಂಡು ಕೆಲವು ತಿಂಗಳು ದೂಡಿದೆ. ಮೂರು ವಾರ ಸುಟ್ಟೆ ನಿಜ, ಆದರೆ ಎರಡು ತಿಂಗಳು ತಣ್ಣಗೆ ಮಾಡಿದೆನಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ನವರಾತ್ರಿಗೆ ಮುಂಚೆ ನಮ್ಮಲ್ಲಿ ಹಿರಿಯರ ಹಬ್ಬ. ತೀರಿಕೊಂಡವರಿಗೆ ಅವರವರು ಇಷ್ಟಪಟ್ಟಿದ್ದನ್ನು ಬಾಳೆಲೆಯ ಮೇಲೆ ಎಡೆ ಇಡುತ್ತೇವೆ. ಕುಡಿಯುತ್ತಿದ್ದವರಿಗೆ ಅದನ್ನೂ ಇಡುತ್ತೇವೆ, ಸೇದುತ್ತಿದ್ದವರಿಗೆ ಬೀಡಿ ಕಟ್ಟು. ಧೂಪ ಹಾಕಿ ಬಾಗಿಲು ಮುಂದಕ್ಕೆ ಎಳೆದುಕೊಂಡು ಎಲ್ಲರೂ ಹೊರಗೆ ಕೂರಬೇಕು. ಹಿರಿಯರು ಬಂದು ಉಂಡು ಹೋದ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗುವುದು. ಕೊಟ್ಟ ಹೆಣ್ಣಿಗೆ ತವರಲ್ಲಿ ಎಡೆ ಇಡುವ ಪದ್ಧತಿ ಇಲ್ಲ ಎಂದು ಹಬ್ಬಕ್ಕೆ ಬಂದಿದ್ದ ಚಿಕ್ಕಪ್ಪ ತಕರಾರು ತೆಗೆದರು. ನಾನು ಬಗ್ಗಲಿಲ್ಲ. ನಮ್ಮ ಮನೆಯಲ್ಲಿ ಬಾಳಿದವಳು, ನಮ್ಮ ಮನೆಯಲ್ಲೇ ಉಣ್ಣಲಿ ಎಂದೆ.

ಅಕ್ಕನಿಗೆ ಏನಿಡಬೇಕು ಎನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಹಿಂದಿನ ದಿನವೇ ಹಾಲು ಕಾಯಿಸಿಟ್ಟೆ. ಬೆಳಿಗ್ಗೆ ಮಿಷನ್ ಓಡಿಸಿದೆ. ಎಲೆ ಹಾಸಿ, ಹೊಸ ಸೀರೆ ಮಡಿಸಿಟ್ಟು, ಅನ್ನ, ಸಾರು, ಕಜ್ಜಾಯ ಬಡಿಸಿ, ಬಲಗಡೆಗೆ ಎದ್ದು ಕಾಣುವಂತೆ ಒಂದು ಬಟ್ಟಲು ಐಸ್‌ಕ್ರೀಮ್ ಇಟ್ಟೆ. ಇನ್ನೇನು ಬಾಗಿಲು ಹಾಕಬೇಕು, ಎದುರುಮನೆಯ ದೊಡ್ಡವ್ವ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಬಂದರು. ಹೆಂಡತಿಯ ಹತ್ತಿರ ಪಿಸಿಪಿಸಿ ಮಾತಾದರು. ಹೆಂಡತಿ ಬೇಡ ಬೇಡ ಎನ್ನುವಂತೆ ತಲೆ ಆಡಿಸುತ್ತಿದ್ದಳು.

'ಏನದು?' ಎಂದೆ.

ದೊಡ್ಡವ್ವ ಸೆರಗು ತೆಗೆದರು. ಒಂದು ಚೊಂಬು ರಾಗಿ ಅಂಬಲಿ.

'ಹಬ್ಬದ ದಿನ ಅಂಬ್ಲಿ ಯಾಕ್ ದೊಡ್ಡವ್ವ? ಅದೂ ಎಡೇಗೆ?' ಎಂದು ನನ್ನ ದನಿ ಏರಿತು.

ಅವರು ಚೊಂಬನ್ನು ಎದೆಗೊತ್ತಿಕೊಂಡು ಹೇಳಿದರು. 'ಬೈಕೋಬ್ಯಾಡ ಕಣಪ್ಪ. ನೀನು ನಾಲೆ ಮ್ಯಾಕೆ ಹೋದ್ಮೇಲೆ ಮಧ್ಯಾನ ದಿನಾ ತಂದ್ಕೊಡ್ತಿದ್ದೆ. ಮಡಕೇಲಿ ತಣ್ಣಗೆ ಇಟ್ಟು, ಉಪ್ಪಾಕಿ, ತೆಳ್ಳಗೆ ಮಾಡಿ. ಅದೊಂದೇ ಅವಳ್ಗೆ ಒಳೀಕೆ ಇಳೀತಿದ್ದದ್ದು. ಕರೆಂಟು ಕೊಡ್ಸಿದ್ಮೇಲೆ ಸಿಹಿ ಬಾಯ್ಗಿಟ್ರೆ ಸೀಮೆಎಣ್ಣೆಯಂಗೆ ಆಯ್ತದೆ ಅಂತಿದ್ಲು.'

'ಮತ್ತೆ ಐಸ್‌ಕ್ರೀಮ್ ತಿಂತಿದ್ಲಲ್ಲ?'

'ನಿಂಗೋಸ್ಕರ ತಿಂತಿದ್ಲು ಕಣಪ್ಪ. ಸಂಜೇಗೆ ಒಂದು ಬಟ್ಲು ತಿನ್ಬೇಕು, ಇಲ್ದಿದ್ರೆ ಹುಡ್ಗ ಮಕ ಸಪ್ಪಗೆ ಮಾಡ್ಕತಾನೆ, ಬಿಸಿ ಗಂಜಿ ಕುಡಿಸ್ದೆ ಅಂತ ಒಳಗೊಳ್ಗೇ ಕೊರಗ್ತಾವ್ನೆ ಅಂತಿದ್ಲು. ನಾನು ಹೋದ್ಮೇಲೂ ಅವ್ನಿಗೆ ಯೋಳ್ಬ್ಯಾಡ ಅಂತ ಕೈ ಮ್ಯಾಲೆ ಕೈ ಇಡಿಸ್ಕಂಡಿದ್ಲು. ಇವತ್ತು ಎಡೆ ಅಲ್ವಾ? ಅಸ್ಕಂಡು ವಾಪಸ್ ಹೋಯ್ತಾಳಲ್ಲ ಅಂತ ಮನ್ಸು ತಡೀನಿಲ್ಲ.'

ನಾನು ಹೆಂಡತಿಯ ಕಡೆ ನೋಡಿದೆ. ಅವಳಿಗೂ ಗೊತ್ತಿತ್ತು. ಇಡೀ ಬೀದಿಯಲ್ಲಿ ಗೊತ್ತಿಲ್ಲದವನು ನಾನೊಬ್ಬನೇ. ಬೈಯಲೆಂದು ಬಾಯಿ ತೆರೆದೆ. ಯಾರನ್ನು ಬೈಯಬೇಕೋ ತಿಳಿಯಲಿಲ್ಲ. ಆ ಎರಡು ತಿಂಗಳು ಅಕ್ಕನನ್ನು ನಾನು ಒಂದು ದಿನವೂ ನಿನಗೇನು ಬೇಕು ಎಂದು ಕೇಳಿರಲಿಲ್ಲ. ಸಾಯುತ್ತಿದ್ದವಳೇ ನನ್ನನ್ನು ಸಂಭಾಳಿಸಿದ್ದಳು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವಳು ಬೇಕೆನ್ನಿಸಿತು.

ಬಗ್ಗಿ ಐಸ್‌ಕ್ರೀಮಿನ ಬಟ್ಟಲು ಎತ್ತಿಕೊಂಡೆ. ಹೆಂಡತಿ ನನ್ನ ತೋಳು ಹಿಡಿದಳು.

'ಇರ್ಲಿ ಬುಡ್ರೀ' ಎಂದಳು. 'ನೀವು ನೊಂದ್ಕತೀರ ಅಂತ ಎರಡು ಚಮ್ಚ ತಿಂತಾರೆ.'

'ಅದ್ಕೇ ತೆಗೀತಿರೋದು' ಎಂದೆ.

ದೊಡ್ಡವ್ವನ ಕೈಯಿಂದ ಚೊಂಬು ಇಸಿದುಕೊಂಡು ಎಲೆಯ ಬಲಗಡೆ ಇಟ್ಟೆ. ಬಾಗಿಲು ಮುಂದೆ ಮಾಡಿ ಜಗುಲಿಗೆ ಬಂದು ಕೂತೆ. ಹೊತ್ತಾಯಿತು, ಬಾಗಿಲು ತಟ್ಟು ಎಂದು ಚಿಕ್ಕಪ್ಪ ಎರಡು ಸಲ ಹೇಳಿದರು. ಇನ್ನೂ ಸ್ವಲ್ಪ ಹೊತ್ತು ಇರಲಿ, ಅವಳಿಗೆ ನುಂಗುವುದು ನಿಧಾನ ಎಂದೆ.